ಮದುವೆಗೆ ವಚನ, ಜಗಳಕ್ಕೆ ಜ್ಯೋತಿಷಿ?



ಮುಹೂರ್ತ ನೋಡದೆ, ವಚನ ಹೇಳಿಸಿ ಮಕ್ಕಳ ಮದುವೆ ಮಾಡಿದ ಮನೆಯವರೇ, ಆ ಗಂಡ-ಹೆಂಡತಿಗೆ ಜಗಳ ಬಂದಾಗ ಕದ್ದುಮುಚ್ಚಿ ಜ್ಯೋತಿಷಿಯ ಬಳಿಗೆ ಹೋಗುವುದನ್ನು ಕಂಡಿದ್ದೇನೆ. ಇಲ್ಲವೇ ಹಿರಿಯರು ಸೇರಿ, 'ಹೊಂದಿಕೊಂಡು ಹೋಗಮ್ಮಾ' ಎಂದು ಸೊಸೆಗೆ ಮಾತ್ರ ಬುದ್ಧಿ ಹೇಳುತ್ತಾರೆ. ಇದು ಬಸವತತ್ವವೇ?

ನಾನು ಎಂಜಿನಿಯರಾಗಿದ್ದವನು. ಸೇತುವೆ ಬಿರುಕು ಬಿಟ್ಟರೆ ಬಣ್ಣ ಬಳಿದು ಮುಚ್ಚುವುದಿಲ್ಲ. ಬಲ್ಲವರಿಂದ ಪರೀಕ್ಷೆ ಮಾಡಿಸುತ್ತೇವೆ. ದಾಂಪತ್ಯದ ಬಿರುಕಿಗೂ ಬಲ್ಲವರಿದ್ದಾರೆ, ಆಪ್ತಸಮಾಲೋಚಕರು. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯೇ ಸಮಾಲೋಚಕರಿಗೆ ಸ್ಥಾನ ಕೊಟ್ಟಿದೆ. ಕೋರ್ಟಿನ ಮೆಟ್ಟಿಲೇರುವ ತನಕ ಕಾಯುವುದೇಕೆ?

ಆದರೆ ಆಯ್ಕೆಯಲ್ಲಿ ಎಚ್ಚರವಿರಲಿ. ಬೋರ್ಡು ಯಾರಾದರೂ ಹಾಕಿಯಾರು. ಏನು ಓದಿದ್ದೀರಿ, ದಂಪತಿಗಳೊಡನೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಒಬ್ಬರ ಮಾತನ್ನಷ್ಟೇ ಕೇಳುವವರು, ಒಳಗಿನ ಮಾತನ್ನು ಅತ್ತೆ-ಮಾವನಿಗೆ ಮುಟ್ಟಿಸುವವರು, ತಾಯತ ಕೊಡುವವರು ಬೇಡ. ಹೊಡೆತ-ಬಡಿತವಿದ್ದರೆ ಒಟ್ಟಿಗೆ ಕೂರಿಸುವುದಲ್ಲ, ಹೆಣ್ಣಿನ ರಕ್ಷಣೆ ಮೊದಲು. ಅದಕ್ಕೆ 2005ರ ಕಾಯ್ದೆಯಿದೆ, 181 ಸಹಾಯವಾಣಿಯಿದೆ.

ಹೆಚ್ಚಾಗಿ ತಂದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬಾ ಎಂದು ಆಯ್ದಕ್ಕಿ ಲಕ್ಕಮ್ಮ ಎಚ್ಚರಿಸಿದಳು, ಮಾರಯ್ಯ ಕೇಳಿದ. ಹೆಂಡತಿಯ ಮಾತಿಗೆ ಕಿವಿಗೊಡುವುದು ನಮ್ಮ ಪರಂಪರೆ. ಆ ಕಿವಿ ಕಳೆದುಕೊಂಡ ಮನೆಗಳಿಗಾಗಿ ನಮ್ಮ ಮಠಗಳು ವಾರಕ್ಕೊಂದು ದಿನ ನುರಿತ ಸಮಾಲೋಚಕರನ್ನು ಕರೆಸಲಿ. ದಾಸೋಹವೆಂದರೆ ಅನ್ನವಷ್ಟೇ ಅಲ್ಲ.