ಶರತ್ಕಾಲದ ಅಡಿಗೆಯೂ ಹೊಲದ ಅಕ್ಕಡಿ ಸಾಲೂ

ಮಳೆಗಾಲದ ಮೋಡಗಳು ಚದುರಿ, ಆಶ್ವಯುಜ ಮಾಸದ ತಿಳಿಬಿಸಿಲು ಹೊಲಗಳ ಮೇಲೆ ಬೀಳಲಾರಂಭಿಸುವ ಈ ಕಾಲದಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಹಾಸನ, ಮಂಡ್ಯ, ಮೈಸೂರು ಸೀಮೆಗಳ ಬೆದ್ದಲು ರೈತನ ಮನೆಯಲ್ಲಿ ಒಂದು ವಿಚಿತ್ರವಾದ ಸ್ಥಿತಿಯನ್ನು ಕಾಣಬಹುದು. ಹೊಲದಲ್ಲಿ ರಾಗಿಯು ತೆನೆ ಬಿಟ್ಟು ನಿಂತಿರುವುದು. ಆದರೆ ಅದು ಕೊಯ್ಲಾಗಿ, ಮೆದೆ ಸೇರಿ, ಕಣದಲ್ಲಿ ಒಕ್ಕಣೆಯಾಗಿ ಮನೆಗೆ ಬರಬೇಕಾದರೆ ಇನ್ನೂ ಎರಡು ಮೂರು ತಿಂಗಳುಗಳು ಹಿಡಿಯುವುವು. ಹಿಂದಿನ ವರ್ಷದ ಕಾಳುಕಡ್ಡಿಯು ಅಷ್ಟರಲ್ಲಿ ವಾಡೆಯ ತಳ ಮುಟ್ಟಿರುವುದು. ಇದೇ ಸಂಧಿಯಲ್ಲಿ ದಸರೆ ದೀಪಾವಳಿಗಳು ಬಂದು, ಎಣ್ಣೆ, ಸಕ್ಕರೆ, ಮೈದಾಹಿಟ್ಟುಗಳಿಗಾಗಿ ಅಂಗಡಿಯ ಲೆಕ್ಕವು ಬೆಳೆಯುವುದು. ಒಂದು ಕಡೆ ಕೊರತೆ, ಇನ್ನೊಂದು ಕಡೆ ಅತಿ. ಇವೆರಡೂ ಕೂಡಿರುವ ಈ ದಿನಗಳಲ್ಲಿ ಮನೆಮಂದಿ ಏನನ್ನು ಉಣ್ಣತಕ್ಕದ್ದೆಂಬುದು ಹೆಂಗಸರಿಗೆ ಸೇರಿದ ವಿಚಾರವೆಂದು ಯಜಮಾನರು ಸುಮ್ಮನಿರುವುದು ವಾಡಿಕೆ. ಇದು ಸರಿಯಲ್ಲವೆಂಬುದೇ ಈ ಲೇಖನದ ಅಭಿಪ್ರಾಯ. ಶರತ್ಕಾಲದ ಅಡಿಗೆಯ ಅರ್ಧಭಾಗವು ಒಲೆಯ ಮುಂದೆ ನಡೆಯುವುದಾದರೆ, ಮಿಕ್ಕ ಅರ್ಧಭಾಗವು ಹೊಲವನ್ನು ಹೇಗೆ ಬಿತ್ತಬೇಕು, ಹೇಗೆ ಕಳೆ ತೆಗೆಯಬೇಕು ಎಂದು ಯಜಮಾನನು ತೀರ್ಮಾನಿಸುವಾಗಲೇ ನಡೆದುಹೋಗಿರುವುದು.

ಮೊದಲು ಋತುವಿನ ಗುಣವನ್ನು ನೋಡೋಣ. ಮಳೆಗಾಲದಲ್ಲಿ ಸಂಚಯವಾದ ಪಿತ್ತವು ಶರತ್ಕಾಲದ ಬಿಸಿಲಿನಿಂದ ಕೆರಳುವುದೆಂದು ನಮ್ಮ ಆಯುರ್ವೇದವು ಹೇಳುವುದು. ಆದುದರಿಂದ ಈ ಋತುವಿನಲ್ಲಿ ಹಸಿವರಿತು ಹಗುರವಾದ ಆಹಾರವನ್ನು ತೆಗೆದುಕೊಳ್ಳಬೇಕೆಂದೂ, ಹೆಸರು, ಪಡವಲ, ನೆಲ್ಲಿಕಾಯಿಗಳು ಹಿತವೆಂದೂ, ಮೊಸರು, ಎಣ್ಣೆ, ಹೊಟ್ಟೆ ಬಿರಿಯುವಷ್ಟು ಊಟ, ಹಗಲು ನಿದ್ರೆ ಇವು ಅಹಿತವೆಂದೂ ವಾಗ್ಭಟನು ತನ್ನ ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ವಿಧಿಸಿರುವನು. ಶಾಸ್ತ್ರದ ಮಾತನ್ನು ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ; ಈ ಕಾಲದಲ್ಲಿ ಹೊಲವೂ ಹಿತ್ತಲೂ ತಾವಾಗಿಯೇ ಕೊಡುವ ಪದಾರ್ಥಗಳು ಹೆಚ್ಚುಕಡಿಮೆ ಇವೇ ಆಗಿರುವುವೆಂಬುದು ಗಮನಿಸತಕ್ಕ ಸಂಗತಿ. ಪಡವಲ, ಹೀರೆ, ಸೌತೆ, ಸಿಹಿಗುಂಬಳ, ಬೂದುಗುಂಬಳಗಳು ಬಳ್ಳಿಯಲ್ಲಿ ಬಲಿತಿರುವುವು. ದಂಟು, ಹೊನಗೊನೆ, ಗಣಿಕೆ, ಅಣ್ಣೆ, ಗೋಣಿ ಮೊದಲಾದ ಸೊಪ್ಪುಗಳು ಬದುಗಳ ಮೇಲೆಯೂ ಬೆಳೆಯ ನಡುವೆಯೂ ಹೇರಳವಾಗಿ ದೊರೆಯುವುವು. ಅಲಸಂದೆಯ ಹಸಿ ಕಾಯಿ ಕೈಗೆ ಬಂದಿರುವುದು. ಕಾರ್ತಿಕದಲ್ಲಿ ತುಳಸಿಯ ಪೂಜೆಗೆ ತರುವ ನೆಲ್ಲಿಯ ಕೊಂಬೆಯು ಕಾಯಿಗಳ ಸಹಿತವಾಗಿಯೇ ಬರುವುದಷ್ಟೆ. ಇವುಗಳಲ್ಲಿ ಒಂದನ್ನಾದರೂ ಪೇಟೆಯಿಂದ ತರಬೇಕಾದ ಅಗತ್ಯವಿಲ್ಲ.

ಈ ಪದಾರ್ಥಗಳನ್ನು ವ್ಯರ್ಥವಾಗದಂತೆ ಅಡಿಗೆ ಮಾಡುವ ಕ್ರಮವನ್ನು ನಮ್ಮ ಒಕ್ಕಲು ಮನೆಗಳ ಹೆಂಗಸರು ಬಹು ಹಿಂದಿನಿಂದಲೂ ಬಲ್ಲರು. ಬಸ್ಸಾರು, ಉಪ್ಸಾರು, ಮಸ್ಸೊಪ್ಪುಗಳೆಂಬ ಸಾರುಗಳೇ ಅವು. ಇವುಗಳಲ್ಲಿ ಬಸ್ಸಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಐದು ಮಂದಿಯ ಸಂಸಾರಕ್ಕೆ ಒಂದು ಪಾವು ಅಲಸಂದೆ ಕಾಳನ್ನೋ, ತೊಗರಿ ಬೇಳೆಯನ್ನೋ ತೊಳೆದು ಬೇಯಲಿಡತಕ್ಕದ್ದು. ಕಾಳು ಮುಕ್ಕಾಲು ಬೆಂದಾಗ ನಾಲ್ಕೈದು ಹಿಡಿ ಬೆರಕೆ ಸೊಪ್ಪನ್ನು ಹಾಕಿ, ಮೆತ್ತಗಾಗುವವರೆಗೆ ಮಾತ್ರ ಬೇಯಿಸಿ, ಕಟ್ಟನ್ನು ಬೇರೆ ಪಾತ್ರೆಗೆ ಬಸಿಯತಕ್ಕದ್ದು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ತೆಂಗಿನಕಾಯಿ, ಹುಣಸೆಹಣ್ಣು, ಬೆಂದ ಸೊಪ್ಪು ಕಾಳುಗಳಲ್ಲಿ ಒಂದು ಹಿಡಿ, ಇಷ್ಟನ್ನೂ ನುಣ್ಣಗೆ ಅರೆದು ಬಸಿದ ಕಟ್ಟಿಗೆ ಸೇರಿಸಿ, ಉಪ್ಪು ಹಾಕಿ ಕುದಿಸಿದರೆ ಸಾರಾಯಿತು. ಮಿಕ್ಕ ಸೊಪ್ಪು ಕಾಳುಗಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆಯನ್ನು ಕೊಟ್ಟರೆ ಪಲ್ಯವಾಯಿತು. ಬಿಸಿ ಮುದ್ದೆಯೊಡನೆ ಇದನ್ನು ಉಂಡವನಿಗೆ ಮತ್ತೇನೂ ಬೇಕಾಗುವುದಿಲ್ಲ. ಸೊಪ್ಪು ಬೇಯಿಸಿದ ನೀರಿನಲ್ಲಿ ಕರಗಿ ಹೋಗುವ ಸತ್ವವು ಇಲ್ಲಿ ಒಂದು ತೊಟ್ಟೂ ಹೊರಕ್ಕೆ ಹೋಗುವುದಿಲ್ಲ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯದೆ ಹೆಚ್ಚುವುದಕ್ಕೆ ಮೊದಲೇ ತೊಳೆಯುವುದು, ರಾಗಿ ಹಿಟ್ಟನ್ನು ಬಹಳ ನಯವಾಗಿ ಜರಡಿ ಹಿಡಿದು ತೌಡನ್ನು ಚೆಲ್ಲದಿರುವುದು, ಈ ಎರಡು ಎಚ್ಚರಿಕೆಗಳು ಸಾಕು.

ಇಂತಹ ಊಟದ ಬೆಲೆಯನ್ನು ಅಂಕೆಗಳಿಂದಲೂ ತಿಳಿಯಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶವಿರುವುದು. ಅಷ್ಟೇ ತೂಕದ ಗಿರಣಿಯ ಬಿಳಿ ಅಕ್ಕಿಯಲ್ಲಿ 8 ಮಿಲಿಗ್ರಾಂ ಸಹ ಇರುವುದಿಲ್ಲ. ಕಬ್ಬಿಣದ ಅಂಶವು ರಾಗಿಯಲ್ಲಿ 4 ಮಿಲಿಗ್ರಾಮಿಗೂ ಮೇಲ್ಪಟ್ಟು, ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಮಿಗೂ ಕಡಿಮೆ. ಹುರುಳಿಯಲ್ಲಿ ಕಬ್ಬಿಣವು 8 ಮಿಲಿಗ್ರಾಂ ದಾಟುವುದು. ಮೇಲಾಗಿ ಅದರ ತೂಕದ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮಾಂಸಪೋಷಕವಾದ ಸಸಾರಜನಕ ವಸ್ತುವೇ ಆಗಿರುವುದು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ಸುಲಭವಾಗಿ ರಕ್ತಗತವಾಗತಕ್ಕದ್ದಲ್ಲ. ಊಟದೊಡನೆ ನಿಂಬೆ ಅಥವಾ ನೆಲ್ಲಿಕಾಯಿಯ ಹುಳಿಯಿದ್ದರೆ ಅದರಲ್ಲಿರುವ ಸಿ ಜೀವಸತ್ವವು ಅದನ್ನು ದೇಹಕ್ಕೆ ಸೇರಿಸಲು ಸಹಾಯ ಮಾಡುವುದು. ಊಟವಾದ ಕೂಡಲೇ ಕುಡಿಯುವ ಕಾಫಿ ಟೀಗಳಾದರೋ ಅದನ್ನು ತಡೆಯುವುವು. ಆದುದರಿಂದ ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಅಂತರವಿರುವುದು ಲೇಸು.

ಇದೆಲ್ಲ ಕೇವಲ ಪುಸ್ತಕದ ಮಾತೆಂದು ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕೂ ಹೆಚ್ಚು ಮಂದಿಗೂ ರಕ್ತಹೀನತೆಯಿರುವುದಾಗಿ ಕಂಡುಬಂದಿತು. ನ್ಯಾಯಬೆಲೆಯ ಅಕ್ಕಿಯು ಬಡವರ ಹಸಿವನ್ನು ನೀಗಿಸಿರುವುದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಕ್ಕಿಯೊಂದೇ ರಕ್ತವನ್ನುಂಟುಮಾಡಲಾರದು. ಅನ್ನದ ಪಕ್ಕದಲ್ಲಿ ಇರಬೇಕಾದ ಕಾಳೂ ಸೊಪ್ಪೂ ತಟ್ಟೆಯಿಂದ ಏಕೆ ಮಾಯವಾಗುತ್ತಿವೆ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರವನ್ನು ಅಡಿಗೆಮನೆಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಹೊಲಕ್ಕೆ ಹೋಗಬೇಕು.

ನಮ್ಮ ಹಿರಿಯರು ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲುಗಳನ್ನು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸುವೆ, ಜೋಳಗಳನ್ನು ಇಡುತ್ತಿದ್ದರು. ಇವುಗಳಲ್ಲಿ ಒಂದೊಂದೂ ಒಂದೊಂದು ಕಾಲಕ್ಕೆ ಮನೆಗೆ ಬರುತ್ತಿದ್ದಿತು. ಶರತ್ಕಾಲದಲ್ಲಿ ಅಲಸಂದೆ, ಹಗಲು ಕಿರಿದಾದ ಮೇಲೆ ಹೂ ಬಿಡುವ ನಾಟಿ ಅವರೆಯು ಚಳಿಗಾಲಕ್ಕೆ, ಅದರ ಹಿಂದೆಯೇ ತೊಗರಿ. ಹೀಗೆ ಸಾರಿನ ಮಡಕೆಗೆ ಬಿಡುವಿರುತ್ತಿರಲಿಲ್ಲ. ಈ ಕಾಳುಗಿಡಗಳ ಬೇರುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೂ ಸತ್ವವನ್ನು ಕೊಡುತ್ತಿದ್ದುವು. ಕಳೆ ಕೀಳಲು ಬಂದ ಹೆಂಗಸರಾದರೋ ತಿನ್ನಲು ಯೋಗ್ಯವಾದ ಸೊಪ್ಪನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು. ಅದಕ್ಕೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ.

ಈಗ ಅನೇಕ ಹೊಲಗಳಲ್ಲಿ ಮುಸುಕಿನ ಜೋಳವೊಂದೇ ನಿಂತಿರುವುದು. ಕಳೆಗೆ ಕುಡುಗೋಲಿನ ಬದಲು ಔಷಧಿಯು ಬಂದಿರುವುದು. ಇದರ ಕೆಲಸವನ್ನು ಸ್ವಲ್ಪ ವಿವರಿಸುವುದು ಅವಶ್ಯ. 2,4-ಡಿ ಎಂಬ ಔಷಧಿಯು ಹುಲ್ಲಿನ ಜಾತಿಗೆ ಸೇರಿದ ರಾಗಿ, ಜೋಳ, ಮುಸುಕಿನ ಜೋಳಗಳನ್ನು ಉಳಿಸಿ, ಅಗಲ ಎಲೆಯ ಸಸ್ಯಗಳನ್ನು ಕೊಲ್ಲತಕ್ಕದ್ದು. ಅದಕ್ಕೆ ಕಳೆಯೂ ಒಂದೇ, ಅಕ್ಕಡಿಯೂ ಒಂದೇ. ದಂಟು, ಗಣಿಕೆ, ಹೊನಗೊನೆಗಳು ಅಗಲ ಎಲೆಯವು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳೂ ಅಗಲ ಎಲೆಯವೇ. ಆದುದರಿಂದ ಈ ಔಷಧಿಯನ್ನು ಹೊಡೆಯುವೆನೆಂದು ತೀರ್ಮಾನಿಸಿದವನು ಅಕ್ಕಡಿಯನ್ನು ಬಿತ್ತುವಂತಿಲ್ಲ. ಬದುವಿನ ಸೊಪ್ಪನ್ನು ಕೀಳಗೊಡುವಂತೆಯೂ ಇಲ್ಲ. ಒಂದು ಸಿಂಪಡಣೆಯಿಂದ ಯಜಮಾನನ ಮನೆಯ ಕಾಳೂ, ಕೂಲಿಯವಳ ಮನೆಯ ಸೊಪ್ಪೂ ಏಕಕಾಲಕ್ಕೆ ಹೋಗುವುವು. ಯಜಮಾನನು ಪೇಟೆಯಲ್ಲಿ ತೊಗರಿ ಬೇಳೆಯನ್ನು ಕೊಂಡು ನಷ್ಟವನ್ನು ತುಂಬಿಕೊಳ್ಳಬಲ್ಲನು. ಕೂಲಿಯವಳು ಏನನ್ನು ಕೊಂಡು ತುಂಬಿಕೊಂಡಾಳು?

ಆಳು ಸಿಕ್ಕದ ಈ ಕಾಲದಲ್ಲಿ ಔಷಧಿಯಿಲ್ಲದೆ ಬೇಸಾಯ ಸಾಗುವುದೆಂತು, ಮುಸುಕಿನ ಜೋಳವು ಕೈಗೆ ನಗದು ಕೊಡುವುದಲ್ಲವೆ ಎಂದು ಯಜಮಾನರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಕಳೆ ಕೀಳುವ ಕೂಲಿಯು ಏರಿರುವುದೂ, ಹದ ತಪ್ಪಿದರೆ ಬೆಳೆಯೇ ಕೆಡುವುದೂ ನಮ್ಮ ಇಲಾಖೆಯವರೆಲ್ಲರೂ ಬಲ್ಲ ವಿಷಯ. ಇಡೀ ಹಿಡುವಳಿಯಲ್ಲಿ ಔಷಧಿಯನ್ನು ಬಿಟ್ಟುಬಿಡಿರೆಂದು ನಾನು ಹೇಳುತ್ತಿಲ್ಲ. ಮಾರಾಟದ ಬೆಳೆಯ ಲೆಕ್ಕವೇ ಬೇರೆ, ಮನೆಯ ಊಟದ ಲೆಕ್ಕವೇ ಬೇರೆ ಎಂಬುದಷ್ಟೇ ನನ್ನ ವಾದ. ಎಕರೆಗೆ 40 ಗುಂಟೆಯಲ್ಲವೆ? ಒಂದೊಂದು ಎಕರೆಗೆ ಐದು ಗುಂಟೆಯನ್ನು ಊಟಕ್ಕೆಂದು ತೆಗೆದಿಟ್ಟರೆ ಮಿಕ್ಕ 35 ಗುಂಟೆಗೆ ಯಾವ ಬಾಧೆಯೂ ಇಲ್ಲ.

ಮುಂದಿನ ಮುಂಗಾರಿಗೆ ಈಗಲೇ ಮನಸ್ಸಿನಲ್ಲಿಡಬೇಕಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ. ಮೊದಲನೆಯದಾಗಿ, ಆ ಐದು ಗುಂಟೆಯನ್ನು ಮನೆಗೆ ಹತ್ತಿರವಾದ, ಪಕ್ಕದ ಹೊಲದ ಔಷಧಿಯು ಗಾಳಿಗೆ ಹಾರಿ ಬೀಳದ ಸ್ಥಳದಲ್ಲಿ ಗೊತ್ತುಮಾಡಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯ ಮೇರೆಗೆ ಬಿತ್ತಿ, ಅಂಚಿನಲ್ಲಿ ಅಲಸಂದೆ ಹುಚ್ಚೆಳ್ಳುಗಳನ್ನು ಇಡಬಹುದು. ಶರತ್ಕಾಲದಲ್ಲಿಯೇ ಅವರೆಕಾಯಿ ಬೇಕೆನ್ನುವವರು, ಹಗಲಿನ ಉದ್ದವನ್ನು ಲಕ್ಷಿಸದೆ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ಹೆಬ್ಬಾಳ ಅವರೆ-3ರಂತಹ ತಳಿಯನ್ನು ತರಿಸಿಕೊಳ್ಳಬಹುದು. ಎರಡನೆಯದಾಗಿ, ಹಿತ್ತಲಿನಲ್ಲಿ ನುಗ್ಗೆ, ನಿಂಬೆ, ಕರಿಬೇವು, ನೆಲ್ಲಿ ಈ ನಾಲ್ಕು ಗಿಡಗಳಿಲ್ಲದ ಮನೆಯು ಊರಿನಲ್ಲಿ ಇರಬಾರದು. ಮೂರನೆಯದಾಗಿ, ಕಾಳು ಮನೆಗೆ ಬಂದೊಡನೆ ವರ್ಷದ ಊಟಕ್ಕೆ ಬೇಕಾದುದನ್ನು ಅಳೆದು ಬೇರೆಯಾಗಿಟ್ಟು, ಮಿಕ್ಕುದನ್ನು ಮಾತ್ರ ಮಾರತಕ್ಕದ್ದು. ಮಾರಿ ಮಿಕ್ಕುದನ್ನು ಉಣ್ಣುವ ಪದ್ಧತಿಯಿಂದಲೇ ಆಶ್ವಯುಜದಲ್ಲಿ ವಾಡೆ ಬರಿದಾಗುವುದು.

ನಾಲ್ಕನೆಯದು ಊರಿನ ಮುಖ್ಯಸ್ಥರ ಕೈಯಲ್ಲೇ ಇರುವ ಕೆಲಸ. ಔಷಧಿ ಹೊಡೆದ ಹೊಲಕ್ಕೆ ಕಾಣುವಂತೆ ಒಂದು ಗುರುತನ್ನು ನೆಡಿಸಿ, ಅಲ್ಲಿಂದ ಸೊಪ್ಪನ್ನಾಗಲಿ ದನಕ್ಕೆ ಹುಲ್ಲನ್ನಾಗಲಿ ಕೀಳಕೂಡದೆಂದು ತಿಳಿಸತಕ್ಕದ್ದು. ಹೊಡೆಯದ ಹೊಲದ ಬದುವಿನಲ್ಲಿ ಸೊಪ್ಪು ಕೀಳುವ ಬಡ ಹೆಂಗಸರನ್ನು ಗದರಿಸಿ ಓಡಿಸದಂತೆ ನೋಡಿಕೊಳ್ಳತಕ್ಕದ್ದು. ಬೆರಕೆ ಸೊಪ್ಪಿನ ಗುರುತು ಬಲ್ಲ ಮುದುಕಿಯರು ಪ್ರತಿ ಊರಿನಲ್ಲಿಯೂ ಇನ್ನೂ ಕೆಲವರಿರುವರು. ಉಮ್ಮತ್ತಿಯಂತಹ ವಿಷದ ಗಿಡ ಯಾವುದು, ಉಣ್ಣುವ ಸೊಪ್ಪು ಯಾವುದು ಎಂಬ ವಿವೇಕವು ಅವರೊಡನೆಯೇ ಮಣ್ಣು ಸೇರುವುದಕ್ಕೆ ಮೊದಲು ಮನೆಯ ಸೊಸೆಯರೂ ಮಕ್ಕಳೂ ಅವರಿಂದ ಕಲಿಯುವ ಏರ್ಪಾಡಾಗಬೇಕು.

ಹಬ್ಬದ ವಿಷಯವಾಗಿಯೂ ಒಂದು ಮಾತು. ಆಯುಧಪೂಜೆಯ ದಿನ ಊರೂರಿನಲ್ಲಿ ಬೂದುಗುಂಬಳಕಾಯಿಗಳನ್ನು ಬೀದಿಗೆ ಒಡೆದು, ಸಂಜೆಗೆ ಜನರೂ ದನಗಳೂ ಜಾರಿ ಬೀಳುವುದನ್ನು ನೋಡುತ್ತೇವೆ. ದೃಷ್ಟಿ ನಿವಾರಣೆಗೆ ಮನೆಗೊಂದು ಒಡೆದರೆ ಸಾಲದೆ? ಮಿಕ್ಕವುಗಳು ಹುಳಿಗೂ ಮಜ್ಜಿಗೆಹುಳಿಗೂ ಆದರೆ ದೇವಿಯು ಮುನಿಯಲಾರಳು. ಹಬ್ಬದ ದಿನ ಹೋಳಿಗೆಯನ್ನುಣ್ಣಬಾರದೆಂದು ಹೇಳುವ ಕಠಿಣ ಮನಸ್ಸು ನನ್ನದಲ್ಲ. ಹಬ್ಬದ ಮರುದಿನದಿಂದಲಾದರೂ ಸಾರು ಮುದ್ದೆಗೆ ಹಿಂದಿರುಗೋಣವೆಂಬುದೇ ಪ್ರಾರ್ಥನೆ.

ಮಲೆನಾಡಿನ ರೈತರು ಆಶ್ವಯುಜ ಶುದ್ಧ ಹುಣ್ಣಿಮೆಯ ದಿನ ಭೂಮಿ ಹುಣ್ಣಿಮೆಯನ್ನು ಆಚರಿಸುವರು. ಹಿಂದಿನ ರಾತ್ರಿಯೆಲ್ಲ ಹೆಂಗಸರು ಎಚ್ಚರವಾಗಿದ್ದು, ಬಹು ಬಗೆಯ ಸೊಪ್ಪು ಕುಡಿಗಳನ್ನೂ ತರಕಾರಿಗಳನ್ನೂ ಕೂಡಿಸಿ ಹಚ್ಚಂಬಲಿಯನ್ನು ಬೇಯಿಸಿ, ಬಣ್ಣದ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಇಟ್ಟುಕೊಡುವರು. ಗಂಡಸರು ಬೆಳಗಾಗುವ ಮುನ್ನವೇ ಅದನ್ನು ಹೊಲಗದ್ದೆಗಳಿಗೆ ಬೀರಿ ಬರುವರು. ತೆನೆಗಟ್ಟುವ ಪೈರನ್ನು ಬಸುರಿಯೆಂದು ಭಾವಿಸಿ, ಬಯಕೆಯ ಊಟವನ್ನು ಬಡಿಸುವ ಈ ಆಚಾರದಲ್ಲಿ ಅಡಿಗೆಯೂ ಬೇಸಾಯವೂ ಎರಡಲ್ಲವೆಂಬ ತಿಳಿವಳಿಕೆಯು ಅಡಗಿರುವುದು. ಭೂಮಿತಾಯಿಗೆ ಬಡಿಸುವುದಕ್ಕೆ ನೂರು ಬಗೆಯ ಕುಡಿಗಳನ್ನು ಹುಡುಕುವ ನಾವು, ಮನೆಯ ಬಸುರಿಗೂ ಬಾಣಂತಿಗೂ ನಾಲ್ಕು ಬಗೆಯ ಸೊಪ್ಪು ದೊರೆಯದಂತೆ ಹೊಲವನ್ನು ಬರಿದುಮಾಡುವುದು ನ್ಯಾಯವಾದೀತೆ? ಐದು ಗುಂಟೆಯ ಮಾತನ್ನು ಯಜಮಾನರು ಮನೆಯ ಹೆಂಗಸರೊಡನೆ ಕುಳಿತು ಒಮ್ಮೆ ಆಲೋಚಿಸಿ, ಬೀಜದ ಬೇಡಿಕೆಯನ್ನು ಬಿತ್ತನೆಗೆ ಬಹು ಮುಂಚಿತವಾಗಿಯೇ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕೆಂದು ಕೋರುತ್ತೇನೆ.