ವೆನಿಲಾ ಪರಿಮಳ: ಬಳ್ಳಿಯದೋ, ಯೀಸ್ಟಿನದೋ?

ಬ್ರೆಡ್ ಉಬ್ಬಿಸುವ ಯೀಸ್ಟಿಗೆ ಹೊಸ ಜೀನ್‌ಗಳನ್ನು ಸೇರಿಸಿ, ಸಕ್ಕರೆ ಉಣಿಸಿ, ವೆನಿಲಾದ ಪರಿಮಳ ಕೊಡುವ ವೆನಿಲಿನ್ ತೆಗೆಯುವ ದಾರಿ 2009ರಲ್ಲಿ ಪ್ರಕಟವಾಯಿತು. 2014ರಲ್ಲಿ ಎವೋಲ್ವಾ ಎಂಬ ಸ್ವಿಸ್ ಕಂಪನಿ ಅದನ್ನು ಮಾರುಕಟ್ಟೆಗಿಳಿಸಿತು. ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ತೋಟಿಗರು ಇದನ್ನು ಸ್ವಾಗತಿಸಬೇಕೇ?

ಪರ

2003-04ರಲ್ಲಿ ವೆನಿಲಾದ ಹಸಿ ಕೋಡಿನ ದರ ಕೆಜಿಗೆ 3,000 ರೂಪಾಯಿ ದಾಟಿದಾಗ ಬಳ್ಳಿ ಹಬ್ಬಿಸಿದ ಅಡಿಕೆ ತೋಟಕ್ಕೆ ರಾತ್ರಿ ಕಾವಲು ಬೇಕಾಯಿತು. ಕೆಲವೇ ವರ್ಷಗಳಲ್ಲಿ ದರ ನೂರರ ಆಸುಪಾಸಿಗೆ ಬಿತ್ತು. ಆಗ ಯೀಸ್ಟಿನ ವೆನಿಲಿನ್ ಎಲ್ಲಿತ್ತು? ಮಡಗಾಸ್ಕರ್‌ಗೆ ಚಂಡಮಾರುತ ಬಡಿದರೆ ಇಲ್ಲಿ ದರ ಏರುತ್ತದೆ, ಅಲ್ಲಿ ಬೆಳೆ ಚೇತರಿಸಿಕೊಂಡರೆ ಇಲ್ಲಿ ಬಳ್ಳಿ ಗೊಬ್ಬರಗುಂಡಿ ಸೇರುತ್ತದೆ. ಜಗತ್ತು ಬಳಸುವ ವೆನಿಲಿನ್‌ನಲ್ಲಿ ಕೋಡಿನ ಪಾಲು ನೂರಕ್ಕೆ ಒಂದೂ ಇಲ್ಲ. ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ. ಯೀಸ್ಟ್ ಮೊದಲು ಜಾಗ ಬಿಡಿಸುವುದು ಅದನ್ನು.

ಕಾಡಿನ ಕಡೆಗೂ ನೋಡಿ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆಂದು ಉಪ್ಪಾಗೆ ಮರದ ಹಣ್ಣಿನ ಹುಳಿ ಸಿಪ್ಪೆಗೆ ಬೇಡಿಕೆ ಹುಟ್ಟಿದಾಗ ಹಣ್ಣಾಗುವ ಮೊದಲೇ ಕಾಯಿಗಾಗಿ ಕೊಂಬೆ ಕಡಿದರು, ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿಗಟ್ಟಲೆ ಸೌದೆ ಉರಿಸಿದರು. ಆ ಹುಳಿಯನ್ನೂ ಯೀಸ್ಟಿನ ತೊಟ್ಟಿಯಲ್ಲೇ ತೆಗೆಯುವಂತಾದರೆ ಮರ ಉಳಿದೀತು.

ವಿರೋಧ

ನೂರಕ್ಕೆ ಒಂದೂ ಇಲ್ಲದ ಆ ಪಾಲೇ ನಮ್ಮ ಅನ್ನ. ವೆನಿಲಾ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅದರ ಪರಾಗಸ್ಪರ್ಶಕ್ಕೆ ಇಲ್ಲಿನ ಜೇನನ್ನು ನೆಚ್ಚುವಂತಿಲ್ಲ. ಹೂ ಬಾಡುವುದರೊಳಗೆ ಕಡ್ಡಿಯಿಂದ ಒಳಗಿನ ತೆಳುಪೊರೆ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು, ಒಂದೊಂದು ಹೂವಿಗೂ. ಕೋಡು ಬಲಿಯಲು ಸುಮಾರು ಒಂಬತ್ತು ತಿಂಗಳು. ಆಮೇಲೆ ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಕ್ಕಿಷ್ಟು ಬಿಸಿಲು ತೋರಿಸಿ, ನೆರಳಲ್ಲಿ ಒಣಗಿಸಬೇಕು. ಐದಾರು ಕೆಜಿ ಹಸಿ ಕೋಡು ಒಂದು ಕೆಜಿಗೆ ಇಳಿಯುತ್ತದೆ. ಇಷ್ಟಕ್ಕೂ ದರ ಸಿಗುವುದು 'ನೈಸರ್ಗಿಕ' ಎಂಬ ಮಾತಿನಿಂದ. ಯುರೋಪಿನ ನಿಯಮದಲ್ಲಿ ಹುದುಗಿಸಿ ತೆಗೆದ ಪರಿಮಳವೂ 'ನೈಸರ್ಗಿಕ'ವೇ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ?

2009ರ ಆ ಸಂಶೋಧನೆಯಲ್ಲಿ ಯೀಸ್ಟಿಗೆ ಸೇರಿಸಿದ ಜೀನ್‌ಗಳಲ್ಲಿ ವೆನಿಲಾ ಬಳ್ಳಿಯದು ಒಂದೂ ಇಲ್ಲ. ಸಗಣಿಯ ಮೇಲೆ ಬೆಳೆಯುವ ಬೂಸ್ಟಿನದು ಒಂದು, ಬ್ಯಾಕ್ಟೀರಿಯಾಗಳವು ಕೆಲವು, ಮನುಷ್ಯನದೇ ಒಂದು. ವೆನಿಲಿನ್ ಹೆಚ್ಚಾದರೆ ಯೀಸ್ಟೇ ಸಾಯುತ್ತದೆ, ಆದ್ದರಿಂದ ಅದಕ್ಕೆ ಸಕ್ಕರೆ ಅಂಟಿಸಿ ವಿಷ ಇಳಿಸಲು ಸಾಸಿವೆ ಕುಟುಂಬದ ಗಿಡದ್ದು ಇನ್ನೊಂದು. ವಿಜ್ಞಾನವಾಗಿ ಇದು ಬೆರಗು, ಒಪ್ಪುತ್ತೇನೆ. ಆದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಲಾಭದ ಪಾಲು ಕೇಳಬಹುದಾದದ್ದು ನಮ್ಮ ಜೀವಸಂಪತ್ತನ್ನು ಬಳಸಿದವರನ್ನು. ನಾಳೆ ಉಪ್ಪಾಗೆಯ ಹುಳಿಯನ್ನು ಮರ ಮುಟ್ಟದೆಯೇ ತೆಗೆದವರ ಮುಂದೆ ನಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಏನೆಂದು ಕೇಳೀತು?

ಮರ ಉಳಿದೀತು ಎಂಬುದೂ ಅರ್ಧ ಮಾತು. ಸಿಪ್ಪೆ ಮಾರಿ ಮಳೆಗಾಲ ದಾಟುವ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವ ಮನೆಗಳಿಗೆ ಆ ಮರ ಬೇಕು. ಸೌದೆಯ ಸಮಸ್ಯೆಗೆ ಕಡಿಮೆ ಸೌದೆಯ ಒಲೆಗಳಿವೆ. ಯೀಸ್ಟನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಯೀಸ್ಟಿನಿಂದ ತೆಗೆದದ್ದು ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲಿ. ಅದಾದ ಮೇಲೆ ಪೈಪೋಟಿಗೆ ನಮ್ಮ ತಕರಾರಿಲ್ಲ.