ಅರ್ಥವಾಗದ ಪಾಠಕ್ಕೆ ನಾವು ಸಹಿ ಹಾಕುವುದು ಎಂತಕ್ಕೆ?



ಲಾಸ್ ಏಂಜಲೀಸಿನ ಒಂದು ರೆಸ್ಟೋರೆಂಟಿನಲ್ಲಿ ನಮ್ಮೂರ ಕಡೆಯ ಹುಡುಗನೊಬ್ಬ ಅಡುಗೆಮನೆ ಕೆಲಸಕ್ಕೆ ಸೇರಿದ. ಮೊದಲ ದಿನವೇ ಕಂಪ್ಯೂಟರ್ ಎದುರು ಕೂರಿಸಿ 'ಟ್ರೈನಿಂಗ್' ತೋರಿಸಿದರು. ಎಲ್ಲ ವೇಗದ ಇಂಗ್ಲಿಷ್. ಅವನು 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತಾ ಹೋದ, ಕೊನೆಗೆ ಸಹಿ ಹಾಕಿದ. ಮೂರು ತಿಂಗಳಲ್ಲಿ ಫ್ರೈಯರ್ ತೊಳೆಯುವಾಗ ಬಿಸಿ ಎಣ್ಣೆ ಕೈಮೇಲೆ ಬಿತ್ತು. 'ಹೇಳಿಕೊಟ್ಟಿದ್ದೆವಲ್ಲ, ನಿನ್ನ ಸಹಿ ಇಲ್ಲಿ ಉಂಟಲ್ಲ' ಎಂದರು. ತಪ್ಪು ತನ್ನದೇ ಎಂದುಕೊಂಡು ಅವನು ಆಸ್ಪತ್ರೆ ಬಿಲ್ ಕೈಯಿಂದ ಕಟ್ಟಿದ.

ಆ ಸಹಿಯ ಕಾಗದವನ್ನು ಫೈಲಿಗೆ ಸೇರಿಸುವವರು ಯಾರು? ಲೆಕ್ಕ ಬರೆಯುವ ನಮ್ಮಂಥವರೇ. 'ತರಬೇತಿ ಖರ್ಚು' ಎಂದು ಒಂದು ಸಾಲು ಬರೆದು ಮುಗಿಸುತ್ತೇವೆ. ಹಾಗಾಗಿ ಈ ಮಾತನ್ನು ನಮಗೂ ಸೇರಿಸಿಯೇ ಹೇಳುತ್ತಿದ್ದೇವೆ: ಅರ್ಥವಾಗದ ಪಾಠ ಪಾಠವೇ ಅಲ್ಲ, ಅದು ಮಾಲೀಕನ ರಕ್ಷಣೆಗೆ ಮಾಡಿಟ್ಟ ಕಾಗದ.

ಕಾನೂನು ನಮ್ಮ ಕಡೆಗೇ ಇದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ: ತರಬೇತಿ ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ಪದಗಳಲ್ಲಿ ಇರಬೇಕು. ಓದಲು ಬಾರದವನ ಕೈಗೆ ಪುಸ್ತಕ ಕೊಟ್ಟು 'ಓದಿಕೋ' ಎಂದರೆ ಮಾಲೀಕನ ಕರ್ತವ್ಯ ಮುಗಿಯುವುದಿಲ್ಲ. ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿ ಗಾಯವಾದರೆ ತಪ್ಪು ಯಾರದೆಂದು ನೋಡದೆ ಚಿಕಿತ್ಸೆಯ ಖರ್ಚು ಕೊಡಬೇಕು. ಗಾಯದ ವಿಷಯ ತಿಳಿದ ಮೇಲೆ ಒಂದು ಕೆಲಸದ ದಿನದೊಳಗೆ ಡಿಡಬ್ಲ್ಯೂಸಿ-1 ಎಂಬ ಅರ್ಜಿ ನಮೂನೆಯನ್ನು ಕೆಲಸಗಾರನಿಗೆ ಕೊಡಬೇಕು. ಆ ಹುಡುಗನಿಗೆ ಇದು ಗೊತ್ತಿರಲಿಲ್ಲ. ಬ್ಯಾರಿ ಭಾಷೆಯಲ್ಲಿ ಐದು ನಿಮಿಷದ ಒಂದು ಧ್ವನಿಪಾಠ ಅವನ ಫೋನಿನಲ್ಲಿ ಇದ್ದಿದ್ದರೆ ಅವನ ದುಡಿಮೆಯ ಹಣ ಉಳಿಯುತ್ತಿತ್ತು, ಬಹುಶಃ ಕೈಯೂ ಉಳಿಯುತ್ತಿತ್ತು.

ಪಾಡ್‌ಕಾಸ್ಟ್ ಎಂದ ಕೂಡಲೇ ಅದು ದೊಡ್ಡವರ ವಿಷಯ ಎಂದು ನಾವು ಹಿಂದೆ ಸರಿಯುತ್ತೇವೆ. ಎಂತಕ್ಕೆ? ಗಲ್ಫಿಗೆ ಹೋದ ಹಿರಿಯರು ಟೇಪ್‌ರೆಕಾರ್ಡರ್ ಎದುರು ಕೂತು ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿರಲಿಲ್ಲವೇ? ಉಮ್ಮ ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿರಲಿಲ್ಲವೇ? ಮದ್ರಸದಲ್ಲಿ ಉಸ್ತಾದರ ಬಾಯಿಂದ ಕೇಳಿ, ತಿರುಗಿ ಹೇಳಿಯೇ ನಾವು ಕಲಿತದ್ದು. ಕಿವಿಯಿಂದ ಕಲಿಯುವುದು ನಮಗೆ ಹೊಸತಲ್ಲ.

ನಮ್ಮದು ಸಣ್ಣ ಭಾಷೆ ಎನ್ನುವವರು ಆಕ್ಸ್‌ನಾರ್ಡಿನ ಕಡೆ ನೋಡಲಿ. ಲಾಸ್ ಏಂಜಲೀಸಿನಿಂದ ಸುಮಾರು 100 ಕಿ.ಮೀ. ದೂರ. ಅಲ್ಲಿ ಸ್ಟ್ರಾಬೆರಿ ಕೊಯ್ಯುವ ಮೆಕ್ಸಿಕೋದ ಮಿಕ್ಸ್‌ಟೆಕ್ ಕೂಲಿಗಳಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಹೋಗಲಿ, ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದು. ಅವರ ಸಂಘಟನೆ 'ರೇಡಿಯೋ ಇಂಡಿಜೆನಾ' ನಡೆಸಿ ಅವರದೇ ಭಾಷೆಗಳಲ್ಲಿ ಮಾತಾಡುತ್ತದೆ. ಮಂಗಳೂರಿನ ಸಮುದಾಯ ರೇಡಿಯೋ ಸಾರಂಗ್ ಕೂಡ ಬ್ಯಾರಿಯಲ್ಲಿ ಕಾರ್ಯಕ್ರಮ ಕೊಟ್ಟಿದೆ. ಹಾಗಿದ್ದರೆ ನಮ್ಮ ಸಂಘಕ್ಕೆ ಏನು ಅಡ್ಡಿ?

ಖರ್ಚೇ? ಲೆಕ್ಕ ನಾವು ಹೇಳುತ್ತೇವೆ. ಫೋನ್ ಎಲ್ಲರ ಕೈಯಲ್ಲೂ ಉಂಟು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದಿದ್ದರೆ ಒಳ್ಳೆಯದು. ಸ್ಟುಡಿಯೋ ಬೇಡ, ನಿಲ್ಲಿಸಿದ ಕಾರಿನೊಳಗೆ ಕಿಟಕಿ ಮುಚ್ಚಿ ಕೂತರೆ ಪ್ರತಿಧ್ವನಿ ಇರುವುದಿಲ್ಲ. ಕತ್ತರಿಸಿ ಜೋಡಿಸಲು ಆಡಾಸಿಟಿ ತಂತ್ರಾಂಶ ಉಚಿತ. ಹತ್ತು ನಿಮಿಷದ ಮಾತನ್ನು 64 ಕೆಬಿಪಿಎಸ್ ಮೊನೊದಲ್ಲಿ ಉಳಿಸಿದರೆ 5 ಎಂ.ಬಿ. ಕೂಡ ಆಗುವುದಿಲ್ಲ, ವಾಟ್ಸಾಪಿನಲ್ಲಿ ಸಲೀಸಾಗಿ ಹೋಗುತ್ತದೆ. ಒಂದು ವಾರ್ಷಿಕೋತ್ಸವದ ವೇದಿಕೆ, ಶಾಲು, ಫಲಕಗಳಿಗೆ ನಾವು ಸುರಿಯುವ ಹಣದಲ್ಲಿ ಇಂಥ ಪಾಠ ವರ್ಷವಿಡೀ ನಡೆಸಬಹುದು.

'ವೀಡಿಯೋ ಇಲ್ಲದಿದ್ದರೆ ಯಾರು ಕೇಳುತ್ತಾರೆ?' ಎನ್ನುವವರಿದ್ದಾರೆ. ಪಾತ್ರೆ ತೊಳೆಯುವವನ ಕಣ್ಣು ಖಾಲಿ ಇಲ್ಲ, ಕಿವಿ ಖಾಲಿ ಉಂಟು. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೊಗೆ ಸುಮಾರು 190 ಕಿ.ಮೀ. ಓಡಿಸುವ ಚಾಲಕನೂ ಹಾಗೆಯೇ. (ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವುದು ಇಲ್ಲಿ ಕಾನೂನಿಗೆ ವಿರುದ್ಧ, ಕಾರಿನ ಸ್ಪೀಕರಿನಲ್ಲಿ ಕೇಳಿ.) 'ಇಂಗ್ಲಿಷ್ ಕಲಿಯಲಿ' ಎನ್ನುವವರಿಗೆ ಒಂದೇ ಉತ್ತರ: ಖಂಡಿತ ಕಲಿಯಲಿ, ಆದರೆ ಕಲಿಯುವ ತನಕ ಬಿಸಿ ಎಣ್ಣೆ ಕಾಯುತ್ತದಾ?

ಹಾಗೆಂದು ಧ್ವನಿಪಾಠವೇ ಎಲ್ಲ ಎಂದು ನಾವು ಹೇಳುವುದಿಲ್ಲ. ಏಣಿ ಹತ್ತುವುದನ್ನು, ಯಂತ್ರ ನಿಲ್ಲಿಸುವುದನ್ನು ಕೈಯಲ್ಲಿ ಮಾಡಿ ತೋರಿಸಲೇಬೇಕು. ನಮ್ಮ ಧ್ವನಿಪಾಠ ಮಾಲೀಕನ ಹೊಣೆಯನ್ನು ಇಳಿಸಬಾರದು. 'ನಿಮ್ಮವರೇ ಹೇಳಿಕೊಡುತ್ತಾರಲ್ಲ, ಮನೆಯಲ್ಲಿ ಕೇಳಿಕೊಂಡು ಬಾ' ಎಂದು ಅವರು ಸಂಬಳದ ಸಮಯ ಉಳಿಸಲು ಹೊರಟರೆ ಒಪ್ಪಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಆಹಾರ ನಿರ್ವಹಣೆಯ ಕಾರ್ಡಿನ ತರಬೇತಿ ಶುಲ್ಕವನ್ನೂ ಕಲಿಯುವ ಸಮಯದ ಸಂಬಳವನ್ನೂ ಮಾಲೀಕನೇ ಕೊಡಬೇಕು. ಅಗ್ಗದ ಪಾಠ ಎಂದರೆ ನಮ್ಮ ಬೆವರನ್ನು ಅಗ್ಗ ಮಾಡುವ ಪಾಠ ಅಲ್ಲ.

ಪಾಠಗಳಿಗೆ ವಿಷಯ ಬೇಕಷ್ಟು ಉಂಟು. 2024ರ ಜುಲೈ 23ರಿಂದ ಕ್ಯಾಲಿಫೋರ್ನಿಯಾದ ಒಳಾಂಗಣ ಕೆಲಸಕ್ಕೂ ಸೆಕೆಯ ನಿಯಮ ಬಂದಿದೆ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕುಡಿಯುವ ನೀರು, ತಣ್ಣಗಿನ ಜಾಗ, ವಿಶ್ರಾಂತಿ ಕೊಡಬೇಕು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸ ನಿಷಿದ್ಧ. ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ. ಒಂದು ನಿಯಮಕ್ಕೆ ಒಂದು ಪಾಠ ಸಾಕು. ಮಾತಾಡುವವರು ಆ ಕೆಲಸ ಮಾಡಿದವರೇ ಆಗಿರಲಿ. ಕೇಳಿದವರ ಪ್ರಶ್ನೆಗೆ ಎರಡು ದಿನದೊಳಗೆ ಉತ್ತರ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಂಗಿಕ ಕಿರುಕುಳ ತಡೆಯ ಆನ್‌ಲೈನ್ ತರಬೇತಿಗೂ ಎರಡು ಕೆಲಸದ ದಿನಗಳ ಗಡುವು ಉಂಟು. ನಿಯಮ ಬದಲಾದರೆ ಹಳೆಯ ಪಾಠ ತೆಗೆದು ಹೊಸದು ಹಾಕಬೇಕು.

ಮುಂದಿನ ಸಭೆಯ ಖರ್ಚಿನ ಪಟ್ಟಿಯಲ್ಲಿ ಶಾಲಿನ ಸಾಲನ್ನು ಹೊಡೆದು ಒಂದು ಮೈಕಿನ ಸಾಲು ಬರೆಯೋಣ. ಮೊದಲ ಪಾಠಕ್ಕೆ ಆ ಹುಡುಗನನ್ನೇ ಕೇಳಿದ್ದೇವೆ, ಅವನು ಒಪ್ಪಿದ್ದಾನೆ. ವಿಷಯ: ಗಾಯವಾದ ದಿನ ಮಾಡಬೇಕಾದ್ದು ಏನು. ಎರಡನೆಯದನ್ನು ನಿಮ್ಮಲ್ಲಿ ಯಾರು ಹೇಳುತ್ತೀರಿ?